ವೀಣೆ ಹಿಡಿದ ಕೈ ಯಾರದು?

ಆಂಟಾಪ್ ಹಿಲ್‌ನ ನಮ್ಮ ಮನೆಯ ದೇವರ ಗೂಡಿನ ಮೇಲೆ ಒಂದು ಹಳೇ ಸರಸ್ವತಿ ಪಟ ಇದೆ. ಊರು ಬಿಟ್ಟು ಬಂದ ನಮ್ಮವರ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಇರುತ್ತೆ. ಮೂಲ ರವಿವರ್ಮನದು. ಆತ ಅಚ್ಚುಕೂಟ ತೆರೆದದ್ದು ಇದೇ ಮುಂಬೈಯಲ್ಲಿ, 1894ರಲ್ಲಿ. ದೊಡ್ಡವರ ದಿವಾನಖಾನೆಯಲ್ಲಿದ್ದ ಚಿತ್ರಗಳು ಚಾಳಿನ ಖೋಲಿಗೂ ಬಂದದ್ದು ಹಾಗೆ.

ಸರಸ್ವತಿ ದೇವತೆ ಆಯಿತು. ಆದರೆ ರವಿವರ್ಮ ಮೈಸೂರು ಮಹಾರಾಜರಿಗಾಗಿ ಮನುಷ್ಯರನ್ನೇ ಕೂರಿಸಿ ಒಂದು ಸಂಗೀತಮೇಳ ಬರೆದಿದ್ದಾನೆ. 1889ರ ಸುಮಾರಿನದು. ದಸರಾಕ್ಕೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ನೀವೂ ನೋಡಿರ್ತೀರಿ. ಬೇರೆ ಬೇರೆ ಪ್ರಾಂತ್ಯದ ಉಡುಗೆಯ ಹನ್ನೊಂದು ಹೆಂಗಸರು, ನಡುವೆ ವೀಣೆ. ಸೀರೆಯ ಜರಿ ಎಣಿಸುವಷ್ಟು ಸ್ಪಷ್ಟ. ಆದರೆ ಅವರು ಯಾರು? ಚಿತ್ರ ಹೇಳುವುದಿಲ್ಲ.

ಇದು ನಮ್ಮಲ್ಲಷ್ಟೇ ಅಲ್ಲ. ಹದಿನೇಳನೇ ಶತಮಾನದ ಡಚ್ಚರಿಗೆ ಮನೆಯೊಳಗೆ ವಾದ್ಯ ನುಡಿಸುವ ಹೆಣ್ಣಿನ ಚಿತ್ರವೆಂದರೆ ಬಲು ಪ್ರೀತಿ. ಡೆಲ್ಫ್ಟ್ ಊರಿನ ವರ್ಮೀರ್ ಗಿಟಾರ್ ನುಡಿಸುವ ಹುಡುಗಿಯೊಬ್ಬಳನ್ನು ಬರೆದ. 1675ರಲ್ಲಿ ಆತ ಸಾಲ ಬಿಟ್ಟು ಸತ್ತ. ಬೇಕರಿಯವನಿಗೇ 617 ಗಿಲ್ಡರ್ ಬಾಕಿ! ಹೆಂಡತಿ ಎರಡು ಚಿತ್ರ ಅವನಿಗೆ ಕೊಟ್ಟಳು. ಒಂದು ಈ ಗಿಟಾರಿನವಳೇ ಇರಬೇಕೆಂದು ಬಲ್ಲವರು ಹೇಳುತ್ತಾರೆ. ರೊಟ್ಟಿಯ ಲೆಕ್ಕ ಕಾಗದದಲ್ಲಿ ಉಳಿಯಿತು, ಹುಡುಗಿಯ ಹೆಸರು ಉಳಿಯಲಿಲ್ಲ.

ಹೆಸರು ಉಳಿದವರೊಬ್ಬರು ನಮ್ಮ ಮುಂಬೈಯಲ್ಲಿದ್ದರು: ಅಂಜನಿಬಾಯಿ ಮಾಲ್ಪೇಕರ್. ಗೋವಾ ಮೂಲ, ಹುಟ್ಟಿದ್ದು 1883. ಮೈಸೂರಿನ ಚಿತ್ರದ ಕಾಲಕ್ಕೆ ಇನ್ನೂ ಮಗು. ಮುಂದೆ ರವಿವರ್ಮ ಇವರನ್ನು ಮಾದರಿಯಾಗಿಟ್ಟುಕೊಂಡು ಬರೆದನೆಂದು ಹೇಳುತ್ತಾರೆ. ಭೇಂಡಿಬಜಾರ್ ಘರಾಣೆಯ ನಜೀರ್ ಖಾನರ ಶಿಷ್ಯೆ. 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಪಡೆದ ಮೊದಲ ಮಹಿಳೆ.

ಅವರ ಬಗ್ಗೆ ಮಾತು ಬಂದಾಗೆಲ್ಲ ಜನ ರವಿವರ್ಮನ ಸುಂದರಿಯಿಂದ ಶುರು ಮಾಡುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ಬೆಳಗಾವಿ ಬಳಿಯ ಸುಳೇಭಾವಿಯ ಕನ್ನಡದ ಹುಡುಗ, ಶಿವಪುತ್ರ ಕೋಂಕಾಳಿಮಠ, ಮುಂಬೈಗೆ ದೇವಧರ್ ಮಾಸ್ತರರ ಬಳಿ ಕಲಿಯಲು ಬಂದ. ಅಂಜನಿಬಾಯಿಯವರಲ್ಲೂ ಪಾಠ ಹೇಳಿಸಿಕೊಂಡ. ಅವನೇ ಕುಮಾರ ಗಂಧರ್ವ. ಕಿಶೋರಿ ಆಮೋಣ್ಕರ್ ಕೂಡ ಅವರಿಂದ ಕಲಿತವರೇ.

ಬಣ್ಣ ಮುಖವನ್ನು ಹಿಡಿದಿಟ್ಟಿತು, ಅಷ್ಟೇ. ವಿದ್ಯೆ ಉಳಿದದ್ದು ಗಂಟಲಿನಿಂದ ಗಂಟಲಿಗೆ. 1974ರಲ್ಲಿ ಅಂಜನಿಬಾಯಿ ತೀರಿಕೊಂಡರು.

ಈಗ ಬೆಳಿಗ್ಗೆ ಪಟದ ಧೂಳು ಒರೆಸುವಾಗ ನನ್ನ ಕಣ್ಣು ಮೊದಲು ಹೋಗುವುದು ಆ ಬೆರಳುಗಳ ಕಡೆಗೆ. ಮಾದರಿಗೆ ಕೂತವಳಿಗೆ ನಿಜವಾಗಿ ವೀಣೆ ಬರುತ್ತಿತ್ತೇ? ಬರುತ್ತಿದ್ದರೆ, ಅವಳಿಂದ ಯಾರು ಕಲಿತರು?