ಹುಳು ಸಾಕಿದ ಹೆಂಗಸು

ರಜೆಗೆ ಮಲೆನಾಡಿನ ತಂಗಿಯ ಮನೆಗೆ ಹೋದಾಗಲೆಲ್ಲ ರಾತ್ರಿ ನಮಗೊಂದು ಕೆಲಸ. ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಮುಂದೆ ದೀಪವಿಟ್ಟು ಕಾಯುವುದು. ಸ್ವಲ್ಪ ಹೊತ್ತಿಗೆ ಪಂಚೆಯ ತುಂಬ ಪತಂಗಗಳು. ಮೀಸೆಯ ತುದಿ ಗುಂಡಾಗಿದ್ದರೆ ಸಾಮಾನ್ಯವಾಗಿ ಚಿಟ್ಟೆ; ದಾರದಂತೆಯೋ ಗರಿಯಂತೆಯೋ ಇದ್ದರೆ ಪತಂಗ. ಮಕ್ಕಳು ರೆಕ್ಕೆಯ ಗೆರೆ, ಚುಕ್ಕೆ ನೋಡಿ ಪುಸ್ತಕದಲ್ಲಿ ಹೆಸರು ಹುಡುಕುತ್ತಾರೆ. ಆದರೆ "ಇದು ಹುಳುವಾಗಿದ್ದಾಗ ಯಾವ ಸೊಪ್ಪು ತಿನ್ನುತ್ತಿತ್ತು?" ಎಂದು ಕೇಳಿದರೆ ಪಂಚೆ ಉತ್ತರ ಕೊಡುವುದಿಲ್ಲ. ಅದಕ್ಕೆ ಹುಳುವನ್ನೇ ಸಾಕಿ ನೋಡಬೇಕು.

ಹಾಗೆ ಸಾಕಿ ನೋಡಿದವಳು ಮರಿಯಾ ಸಿಬಿಲ್ಲಾ ಮೇರಿಯನ್. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಈಕೆ 13ನೆಯ ವಯಸ್ಸಿಗೇ ರೇಷ್ಮೆಹುಳು ಸಾಕತೊಡಗಿದಳು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆಂದು ಬಹಳ ಮಂದಿ ನಂಬಿದ್ದ ಕಾಲ ಅದು. ಮೊಟ್ಟೆ, ಹುಳು, ಗೂಡು, ಪತಂಗ ಎಂಬ ಸರಣಿ ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಹೆಂಗಸರಿಗೆ ಹೊಸದಲ್ಲ. ಮೇರಿಯನ್ ಅದನ್ನು ಇತರ ಕಂಬಳಿಹುಳುಗಳಲ್ಲೂ ಕಂಡಳು. ಸಂಸಾರ, ಇಬ್ಬರು ಹೆಣ್ಣುಮಕ್ಕಳ ನಡುವೆಯೇ, 1679ರಲ್ಲಿ ಅವಳ ಕಂಬಳಿಹುಳುಗಳ ಪುಸ್ತಕ ಹೊರಬಂತು. ಹುಳು, ಅದರ ಗೂಡು, ಅದರ ಪತಂಗ, ಅದು ತಿನ್ನುವ ಗಿಡ, ಎಲ್ಲವೂ ಒಂದೇ ಚಿತ್ರದಲ್ಲಿ!

ಮುಂದೆ ಗಂಡನಿಂದ ಬೇರೆಯಾದಳು. 1699ರಲ್ಲಿ, 52ನೆಯ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ ಹಣ ಹೊಂದಿಸಿಕೊಂಡು, ಕಿರಿಯ ಮಗಳು ಡೊರೊಥಿಯಾಳೊಡನೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. ಅದು ಡಚ್ಚರ ಕಬ್ಬಿನ ತೋಟಗಳ ನಾಡು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುವ ಈ ಹೆಂಗಸನ್ನು ಅಲ್ಲಿನವರು ಗೇಲಿ ಮಾಡಿದರು. ಕಾಯಿಲೆ ಬಿದ್ದು 1701ರಲ್ಲಿ ಆಕೆ ಆಮ್‌ಸ್ಟರ್‌ಡ್ಯಾಮಿಗೆ ಮರಳಿದಳು. 1705ರಲ್ಲಿ 60 ಚಿತ್ರಫಲಕಗಳ ದೊಡ್ಡ ಪುಸ್ತಕ ಪ್ರಕಟವಾಯಿತು. ಮುಂದೆ ಲಿನೇಯಸ್ ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವಾಗ ಈ ಚಿತ್ರಗಳನ್ನೂ ಬಳಸಿಕೊಂಡ.

ಇಷ್ಟು ಓದಿ ನನಗೆ ಹೆಮ್ಮೆಯೆನಿಸಿತು. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲವಲ್ಲ! ಸುರಿನಾಮಿನ ದಟ್ಟ ಕಾಡಿನಲ್ಲಿ ಕೊಡಲಿ ಹಿಡಿದು ಅವಳಿಗೆ ದಾರಿ ಮಾಡಿಕೊಟ್ಟವರು ಗುಲಾಮರು. ಹುಳು ತಂದುಕೊಟ್ಟು, ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಗುಲಾಮ ಹೆಂಗಸರೂ ಇದ್ದರು, ಮೂಲನಿವಾಸಿಗಳೂ ಇದ್ದರು. ಅವರು ಹೇಳಿದ್ದನ್ನು ಮೇರಿಯನ್ ಪುಸ್ತಕದಲ್ಲಿ ಮರೆಯದೆ ಬರೆದಳು. ಅವರ ಹೆಸರುಗಳನ್ನು ಬರೆಯಲಿಲ್ಲ. ಮೂಲನಿವಾಸಿ ಹೆಂಗಸೊಬ್ಬಳು ಅವಳ ಜೊತೆ ಹಡಗು ಹತ್ತಿ ಆಮ್‌ಸ್ಟರ್‌ಡ್ಯಾಮಿಗೂ ಬಂದಳು. ಪುಸ್ತಕದ ಪತಂಗಗಳಿಗೆ ಹೆಸರು ಬಂತು, ಅವಳ ಹೆಸರು ಮಾತ್ರ ಎಲ್ಲೂ ಇಲ್ಲ.