ಅತಿಮಾನುಷ ವೀರರ ಚಿತ್ರಕಥೆಗಳು: ಸಂಚಿಕೆಯಿಂದ ಸಂಪುಟಕ್ಕೆ

ಅಮೆರಿಕದ ಜನಜೀವನದ ಇತಿಹಾಸಕ್ಕೆ ಅಲ್ಲಿಯ ಚಿತ್ರಕಥೆಗಳೂ ಆಕರಗಳೇ. ಆದರೆ ನಾವು ಓದುತ್ತಿರುವುದು ಮೂಲವನ್ನೋ ಪುನರ್ಮುದ್ರಣವನ್ನೋ ಎಂಬುದನ್ನು ಮೊದಲು ವಿಚಾರಿಸಬೇಕು.

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡುದು 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಪ್ರಥಮ ಸಂಚಿಕೆಯಲ್ಲಿ. ಅದರ ಬೆಲೆ 10 ಸೆಂಟು. ಓದಿ ಎಸೆಯುತ್ತಿದ್ದ ಇಂಥ ಸಂಚಿಕೆಗಳಲ್ಲಿ ಅನೇಕವು ಎರಡನೆಯ ಮಹಾಯುದ್ಧಕಾಲದ ಹಳೆಯ ಕಾಗದದ ಸಂಗ್ರಹಣೆಯಲ್ಲಿ ನಾಶವಾದುವು. ಉಳಿದುವು ಕ್ರಮೇಣ ಸಂಗ್ರಾಹಕರ ಸ್ವತ್ತಾಗಿ, ವಿದ್ಯಾರ್ಥಿಗೆ ಎಟುಕದಾದುವು.

ಈ ಕೊರತೆಯನ್ನು ಪುಸ್ತಕರೂಪವು ನೀಗಿತು. 1965ರಲ್ಲಿ ವ್ಯಂಗ್ಯಚಿತ್ರಕಾರ ಜೂಲ್ಸ್ ಫೈಫರ್ ಹಳೆಯ ಕಥೆಗಳನ್ನು ಆಯ್ದು, ತಮ್ಮ ಪ್ರಬಂಧದೊಡನೆ ಗಟ್ಟಿರಟ್ಟಿನ ಗ್ರಂಥವಾಗಿ ಪ್ರಕಟಿಸಿದರು. 1966ರಲ್ಲಿ ಟೆಲಿವಿಷನ್ನಿನಿಂದ ಬ್ಯಾಟ್‌ಮ್ಯಾನ್ ಮನೆಮಾತಾದಾಗ ಸಿಗ್ನೆಟ್ ಪ್ರಕಾಶನವು ಅವನ ಕಥೆಗಳನ್ನು ಕಿರಿಯ ಅಳತೆಯ ಪೇಪರ್‌ಬ್ಯಾಕ್‌ಗಳಾಗಿ ಹೊರತಂದಿತು. ಪುಟವು ಚಿಕ್ಕದಾದುದರಿಂದ ಚಿತ್ರದ ಚೌಕಟ್ಟುಗಳನ್ನು ಬೇರೆಯಾಗಿ ಜೋಡಿಸಲಾಯಿತು; ಬಣ್ಣವೂ ಹೋಯಿತು. 1974ರ ‘ಆರಿಜಿನ್ಸ್ ಆಫ್ ಮಾರ್ವೆಲ್ ಕಾಮಿಕ್ಸ್’ ಬಣ್ಣವನ್ನು ಉಳಿಸಿಕೊಂಡಿತು. 1996ರಲ್ಲಿ ಆರಂಭವಾದ ಮಾರ್ವೆಲ್‌ನ ‘ಎಸೆನ್ಷಿಯಲ್’, 2005ರಲ್ಲಿ ಆರಂಭವಾದ ಡಿಸಿಯ ‘ಷೋಕೇಸ್ ಪ್ರೆಸೆಂಟ್ಸ್’ ಮಾಲೆಗಳು ಸುಮಾರು 500 ಪುಟಗಳ ಸಂಪುಟಗಳನ್ನು ಕಪ್ಪುಬಿಳುಪಿನಲ್ಲಿ ಅಗ್ಗವಾಗಿ ಒದಗಿಸಿದುವು.

ಚೆದರಿದ್ದ ಕಥೆಗಳನ್ನು ಅನುಕ್ರಮವಾಗಿ ಓದುವ ಅವಕಾಶವನ್ನು ಈ ಮಾಲೆಗಳು ಕಲ್ಪಿಸಿದುವೆಂಬುದು ಸಣ್ಣ ಉಪಕಾರವಲ್ಲ. ಆದರೆ ಅವುಗಳಲ್ಲಿ ಮೂಲದ ಜಾಹೀರಾತುಗಳೂ, ಬಹುಮಟ್ಟಿಗೆ ಓದುಗರ ಪತ್ರಗಳೂ ಬಿಟ್ಟುಹೋಗಿವೆ. ಅಂದಿನ ಬಾಲಕನಿಗೆ ವರ್ತಕರು ಏನನ್ನು ಮಾರಲೆಳಸಿದರು, ಕಥೆಯನ್ನೋದಿ ಆತನು ಏನೆಂದನು ಎಂಬುದನ್ನು ತಿಳಿಸುವುವು ಆ ಪುಟಗಳೇ. ಆದಕಾರಣ ಕಥೆಯ ಅಭ್ಯಾಸಕ್ಕೆ ಸಂಪುಟವು ಸಾಕಾದರೂ, ಓದುಗರ ಚರಿತ್ರೆಯನ್ನು ಬರೆಯುವವರು ಮೂಲಸಂಚಿಕೆಯನ್ನೇ ಅರಸಬೇಕೆಂಬುದು ನಮ್ಮ ಅಭಿಪ್ರಾಯ.