ಸ್ಟ್ಯಾಗ್ ಕಾರಿನ ಹೊಟ್ಟೆಯೊಳಗಿನ ಮರಳು

ಚಿಕ್ಕಂದಿನಲ್ಲಿ ನಮ್ಮೂರಿನ ಡಾಕ್ಟರ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿತ್ತು. ಅದರ ಬಾನೆಟ್ಟು ಬೇರೆ ಕಾರುಗಳ ಹಾಗೆ ತೆರೆಯುತ್ತಿರಲಿಲ್ಲ. ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತಿತ್ತು. ಡ್ರೈವರು ಕೊಡದಲ್ಲಿ ಬಾವಿ ನೀರು ತಂದು ರೇಡಿಯೇಟರಿಗೆ ಸುರಿಯುವಾಗ ನಾವು ಹುಡುಗರೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಬ್ಯಾಂಕಿನ ವರ್ಗಾವಣೆಯ ಮೇಲೆ ಚೆನ್ನೈಗೆ ಬಂದು ಇಲ್ಲೇ ಬೇರು ಬಿಟ್ಟ ಮೇಲೆ ಗೊತ್ತಾಯಿತು, ಆ ಕಾರು ಹುಟ್ಟಿದ್ದು ಇದೇ ಊರಿನ ಹೊರಗೆ, ವಂಡಲೂರಿನ ಕಡೆ ಅಂತ. ಮೂಲ ಮಾತ್ರ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು. ಅದರ ರೂಪ ಬಿಡಿಸಿದವನು ಇಟಲಿಯ ಜಿಯೊವಾನಿ ಮಿಕೆಲೋಟ್ಟಿ.

ಇವತ್ತಿನ ಕಥೆ ಅದೇ ಮಿಕೆಲೋಟ್ಟಿ ರೂಪಿಸಿದ ಇನ್ನೊಂದು ಕಾರಿನದು: ಟ್ರಯಂಫ್ ಸ್ಟ್ಯಾಗ್. ಹಳೇ ಕಾರುಗಳ ಬಗ್ಗೆ ಓದುವ ಚಟ ಇರುವವರಿಗೆ ಈ ಹೆಸರು ಕೇಳಿದರೆ ಮೊದಲು ನೆನಪಾಗುವುದು ಕುದಿಯುವ ರೇಡಿಯೇಟರ್. 2007ರಲ್ಲಿ ಟೈಮ್ ಪತ್ರಿಕೆ ಸಾರ್ವಕಾಲಿಕ ಅತಿ ಕೆಟ್ಟ 50 ಕಾರುಗಳ ಪಟ್ಟಿ ಮಾಡಿದಾಗ ಅದರಲ್ಲಿ ಸ್ಟ್ಯಾಗ್ ಕೂಡ ಇತ್ತು. ನನಗೆ ಇದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

1960ರ ದಶಕದ ಮಧ್ಯದಲ್ಲಿ ಮಿಕೆಲೋಟ್ಟಿ ಒಂದು ಪ್ರದರ್ಶನದ ಕಾರು ಮಾಡಲು ಟ್ರಯಂಫ್‌ನವರಿಂದ ಹಳೆಯ 2000 ಸಲೂನ್ ಒಂದನ್ನು ಕೇಳಿ ಪಡೆದ. ಅಲ್ಲಿನ ಎಂಜಿನಿಯರಿಂಗ್ ಮುಖ್ಯಸ್ಥ ಹ್ಯಾರಿ ವೆಬ್‌ಸ್ಟರ್ ತಯಾರಾದದ್ದನ್ನು ನೋಡಿ, ಇದು ಪ್ರದರ್ಶನಕ್ಕಲ್ಲ, ನಮಗೇ ಬೇಕು ಎಂದು ಇಟ್ಟುಕೊಂಡ. 1970ರಲ್ಲಿ ಸ್ಟ್ಯಾಗ್ ಮಾರುಕಟ್ಟೆಗೆ ಬಂತು. ನಾಲ್ಕು ಸೀಟು, ತೆರೆದ ಮೇಲ್ಭಾಗ, ಅಡ್ಡಕ್ಕೊಂದು ಗಟ್ಟಿ ಪಟ್ಟಿ, ಎಂಟು ಸಿಲಿಂಡರಿನ ಇಂಪಾದ ಸದ್ದು. 1971ರ 'ಡೈಮಂಡ್ಸ್ ಆರ್ ಫಾರೆವರ್' ಚಿತ್ರದಲ್ಲಿ ಜೇಮ್ಸ್ ಬಾಂಡ್ ಕೂಡ ಇದನ್ನು ಓಡಿಸಿದ. ಇಷ್ಟು ಚೆಂದದ ಕಾರು ಕೆಟ್ಟದ್ದೆಲ್ಲಿ?

ಎಂಜಿನ್ನಿನಲ್ಲಿ. 1968ರಲ್ಲಿ ಟ್ರಯಂಫ್, ರೋವರ್ ಎಲ್ಲ ಸೇರಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ದೊಡ್ಡ ಸಂಸ್ಥೆಯ ಕೆಳಗೆ ಬಂದಿದ್ದವು. ಅಮೆರಿಕದ ಬ್ಯೂಕ್‌ನಿಂದ ಕೊಂಡ ಹಗುರವಾದ, ಪರೀಕ್ಷೆಯಾದ 3.5 ಲೀಟರ್ ವಿ8 ಎಂಜಿನ್ ರೋವರ್ ಹತ್ತಿರ ಇತ್ತು. ಆದರೂ ಟ್ರಯಂಫ್‌ನವರು ತಮ್ಮದೇ ಹೊಸ 2997 ಸಿಸಿ ವಿ8ನ್ನು ಹಾಕಿದರು. ರೋವರ್ ಎಂಜಿನ್ ಬೇಕಾದಷ್ಟು ಸಿಗುವುದಿಲ್ಲ, ಸ್ಟ್ಯಾಗ್‌ನಲ್ಲಿ ಕೂರುವುದೂ ಇಲ್ಲ ಎಂಬ ಕಾರಣ ಕೊಟ್ಟರು. ಆಮೇಲೆ ಎಷ್ಟೋ ಮಾಲೀಕರು ಅದನ್ನೇ ಕೂರಿಸಿ ತೋರಿಸಿದರು. (ವಿಲೀನವಾದ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಬೋರ್ಡು ಒಂದಾದರೂ ಬ್ರಾಂಚು ಒಂದಾಗಲು ತುಂಬ ವರ್ಷ ಬೇಕು!)

ಟ್ರಯಂಫ್ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ಮಧ್ಯೆ ಬರೀ ನೀರು ಹರಿದರೆ ಅದೊಂದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಕೊರೆಯತೊಡಗುತ್ತದೆ. ಅದಕ್ಕೇ ತುಕ್ಕು ತಡೆಯುವ ರಾಸಾಯನಿಕ ಇರುವ ಆಂಟಿಫ್ರೀಜ್ ವರ್ಷಪೂರ್ತಿ ಇರಲೇಬೇಕು. ಹಿಮ ಬೀಳುವ ದೇಶವಾದ್ದರಿಂದ ಅದನ್ನು ಚಳಿಗಾಲದ ಔಷಧಿ ಎಂದುಕೊಂಡು, ಬೇಸಿಗೆಯಲ್ಲಿ ನಲ್ಲಿ ನೀರು ತುಂಬಿಸಿದವರು ಬಹಳ. ಇನ್ನೊಂದು ತೊಂದರೆ, ನೀರು ತಳ್ಳುವ ಪಂಪು ವಿ ಆಕಾರದ ನಡುವೆ ತೀರಾ ಎತ್ತರದಲ್ಲಿತ್ತು. ನೀರು ಸ್ವಲ್ಪ ಇಳಿದರೂ ಮೊದಲು ಒಣಗುವುದು ಅದೇ. ಸೆನ್ಸರ್ ನೀರಿನಲ್ಲಿ ಮುಳುಗಿರದಿದ್ದರೆ ಮೀಟರಿನ ಮುಳ್ಳನ್ನೂ ನಂಬುವ ಹಾಗಿಲ್ಲ. ಮುಳ್ಳು ತಣ್ಣಗೆ ಕೂತಿರುತ್ತದೆ, ಒಳಗೆ ಹೆಡ್ ಸೊಟ್ಟಗಾಗುತ್ತಿರುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರಳು. ಎಂಜಿನ್ ಬ್ಲಾಕನ್ನು ಎರಕ ಹೊಯ್ಯುವಾಗ ನೀರಿನ ದಾರಿಗಳಿಗಾಗಿ ಒಳಗೆ ಮರಳಿನ ಅಚ್ಚು ಇಟ್ಟಿರುತ್ತಾರೆ. ಲೋಹ ಆರಿದ ಮೇಲೆ ಆ ಮರಳನ್ನೆಲ್ಲ ಉದುರಿಸಿ ತೊಳೆಯಬೇಕು. ಮುಷ್ಕರ, ಅವಸರ, ತಪಾಸಣೆಯ ಸಡಿಲತನ, ಒಟ್ಟಿನಲ್ಲಿ ಎಷ್ಟೋ ಸ್ಟ್ಯಾಗ್‌ಗಳಲ್ಲಿ ಅದು ಒಳಗೇ ಉಳಿಯಿತು. ತುಕ್ಕಿನ ಜೊತೆ ಸೇರಿ ಕೆಸರಾಗಿ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕೂತಿತು. ಗ್ಯಾರೇಜಿನವರು ಹೆಡ್ ಬಿಚ್ಚಿ, ಗ್ಯಾಸ್ಕೆಟ್ ಬದಲಾಯಿಸಿ, ಬಿಲ್ಲು ಮಾಡಿ ಕಳಿಸುವರು. ಮರಳು ಮಾತ್ರ ಅಲ್ಲೇ. ಕೆಲವು ತಿಂಗಳಿಗೆ ಕಾರು ಮತ್ತೆ ವಾಪಸ್. 1973ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಸ್ಟ್ಯಾಗ್ ಹಿಂದೆ ಸರಿಯಿತು. 1977ರಲ್ಲಿ ತಯಾರಿಕೆಯೇ ನಿಂತಿತು, ಸುಮಾರು 26 ಸಾವಿರ ಕಾರುಗಳಿಗೆ.

ಮುಂದಿನದ್ದು ಮಾಲೀಕರ ಕೆಲಸ. ಬ್ರಿಟನ್ನಿನ ಸ್ಟ್ಯಾಗ್ ಕ್ಲಬ್ಬುಗಳ ಜನ ಅಲ್ಲಿಂದೀಚೆಗೆ ಶ್ರದ್ಧೆಯಿಂದ ಮಾಡಿಕೊಂಡು ಬಂದಿರುವುದು ಫ್ಲಶಿಂಗ್. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೆಳಗಿನ ರಬ್ಬರ್ ಹೋಸ್ ಬಿಚ್ಚುತ್ತಾರೆ. ಅದರಿಂದ ರೇಡಿಯೇಟರ್ ಮಾತ್ರ ಖಾಲಿಯಾಗುತ್ತದೆ, ಬ್ಲಾಕಿನ ನೀರು ಹಾಗೇ ಇರುತ್ತದೆ. ಹಾಗಾಗಿ ಎರಡೂ ಬದಿಯ ಬ್ಲಾಕಿನ ತಳದ ಪ್ಲಗ್ ತೆಗೆಯಬೇಕು. ತೆಗೆದರೂ ಎಷ್ಟೋ ಸಲ ಒಂದು ಹನಿ ಬರುವುದಿಲ್ಲ! ರಂಧ್ರದ ಹಿಂದೆ ಕೆಸರು ಕಲ್ಲಾಗಿರುತ್ತದೆ. ಗಟ್ಟಿ ತಂತಿಯಿಂದ ತಿವಿದು ತಿವಿದು ಬಿಡಿಸಬೇಕು. ಆಮೇಲೆ ಥರ್ಮೋಸ್ಟಾಟ್ ತೆಗೆದು, ಹೀಟರಿನ ವಾಲ್ವ್ ತೆರೆದು, ತೋಟದ ಪೈಪಿನಿಂದ ನೀರನ್ನು ಎಂದಿನ ದಿಕ್ಕಿಗೆ ವಿರುದ್ಧವಾಗಿ ಬಿಡುತ್ತಾರೆ. ಒಂದು ದಿಕ್ಕಿನಲ್ಲಿ ಒತ್ತಿ ಕೂತ ಕಸ ಹಿಂದಿನಿಂದ ತಳ್ಳಿದರೆ ಸಡಿಲವಾಗುತ್ತದೆ. ಮೊದಲು ಕಂದು, ಆಮೇಲೆ ಕೆಂಪು, ಕಡೆಗೆ ತಿಳಿ ನೀರು. ರೇಡಿಯೇಟರನ್ನು ಬೇರೆಯಾಗಿಯೇ ತೊಳೆಯಬೇಕು, ಇಲ್ಲದಿದ್ದರೆ ಬ್ಲಾಕಿನ ಕಸ ಹೋಗಿ ಅಲ್ಲಿ ಕೂರುತ್ತದೆ. ಕೊನೆಗೆ ಅರ್ಧ ಆಂಟಿಫ್ರೀಜ್, ಅರ್ಧ ಶುದ್ಧ ನೀರು ತುಂಬಿ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಕಾಯುತ್ತಾರೆ. ಹಳೇ ಬಗೆಯ ಕೂಲೆಂಟಿನ ಗುಣ ಸುಮಾರು 2 ವರ್ಷಕ್ಕೆ ತೀರುವುದರಿಂದ ಮತ್ತೆ ಇದೇ ಕೆಲಸ. ಹೊರಬಂದ ನೀರನ್ನು ಚರಂಡಿಗೆ ಬಿಡಬಾರದು. ಅದು ವಿಷ, ರುಚಿ ಸಿಹಿ, ನಾಯಿಗಳು ನೆಕ್ಕಿ ಸಾಯುತ್ತವೆ.

ಹೀಗೆ ತೊಳೆದು, ಟೈಮಿಂಗ್ ಚೈನಿನ ಮೇಲೂ ಕಣ್ಣಿಟ್ಟವರ ಸ್ಟ್ಯಾಗ್‌ಗಳು ಅದೇ ಮೂಲ ಎಂಜಿನ್ನಿನಲ್ಲಿ 50 ವರ್ಷ ದಾಟಿಯೂ ಓಡುತ್ತಿವೆ. ಪಂಪಿನ ಜಾಗ ತಪ್ಪು, ಒಪ್ಪುತ್ತೇನೆ. ಆದರೆ ಮರಳಿನ ಲೆಕ್ಕವನ್ನು ಮಿಕೆಲೋಟ್ಟಿಯ ಖಾತೆಗೆ ಬರೆಯುವುದು ಹೇಗೆ?

ನಮ್ಮ ಡಾಕ್ಟರ ಹೆರಾಲ್ಡನ್ನು ಯಾರೂ ಹೀಗೆ ತೊಳೆದದ್ದು ನಾನು ಕಂಡಿಲ್ಲ. ಅದರ ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣ, ಬಾವಿ ನೀರನ್ನು ಹೇಗೋ ಸಹಿಸಿಕೊಂಡಿತು. ಮುಚ್ಚಳ ತೆಗೆದಾಗ ಒಳಗಡೆ ನಮ್ಮ ಬಚ್ಚಲ ಹಂಡೆಯ ಹಾಗೇ ಬಿಳಿ ಪದರು ಕಟ್ಟಿದ್ದು ಮಾತ್ರ ಈಗಲೂ ನೆನಪಿದೆ.